ಮೊದಲ ಬಕೆಟ್ ಮನೆಯ ಕೋಳಿಗೆ

ತಂಗಿಯ ಬಾಯಿಂದ ಬೆಳ್ಳುಳ್ಳಿ ವಾಸನೆ ಬಂದ ದಿನ ನಾನು ಮೊದಲು ಮಾಡಿದ ಕೆಲಸ ಅವಳಿಗೆ ಬೈದದ್ದು. ನನ್ನ ಸ್ವಭಾವವೇ ಹಾಗೆ. ಖುಷಿಯಾದರೂ ಬೈಯುತ್ತೇನೆ, ಹೆದರಿಕೆಯಾದರೂ ಬೈಯುತ್ತೇನೆ. ಇವಳ ಬಾಯಿಗೆ ಬೀಗ ಮಾಡುವ ಆಚಾರಿ ಇನ್ನೂ ಹುಟ್ಟಲಿಲ್ಲ ಎಂದು ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ.

ಅದು ಶ್ರಾವಣ. ತಂಗಿಯ ಅತ್ತೆ ಮುಂಬಯಿ ಕಡೆಗೆ ಬಂದ ಮೇಲೆ ಅಕ್ಕಪಕ್ಕದ ಮರಾಠಿ ಮನೆಗಳನ್ನು ನೋಡಿ ಊರಿಗಿಂತ ಜಾಸ್ತಿ ಮಡಿ ಕಲಿತವರು. ಆ ತಿಂಗಳು ಅವರ ಮನೆಯೊಳಗೆ ಮೀನು ಮಾಂಸ ಬಿಡಿ, ಈರುಳ್ಳಿ ಬೆಳ್ಳುಳ್ಳಿಗೂ ಪ್ರವೇಶವಿಲ್ಲ. ಬಸುರಿ ಎಂಬ ಕಾರಣಕ್ಕೆ ತಂಗಿಗೆ ಮೊಟ್ಟೆ ಮಾತ್ರ ಮಾಫಿ. ಅದನ್ನೂ ಅವಳ ಗಂಡ ಹೊರಗೆ ಜಗಲಿಯಲ್ಲಿ ಬೇರೆ ಪಾತ್ರೆಯಲ್ಲಿ ಬೇಯಿಸಿ ಕೊಡಬೇಕಿತ್ತು. ಅಂಥ ಮನೆಯಲ್ಲಿ ಕೂತು ಅವಳು ನನ್ನ ಹತ್ತಿರ ಬಾಗಿ ಏನೋ ಗುಟ್ಟು ಹೇಳಿದಳು. ಗುಟ್ಟು ಏನೆಂದು ಮರೆತುಹೋಗಿದೆ. ವಾಸನೆ ಮರೆತಿಲ್ಲ.

"ಎಂತ ತಿಂದದ್ದು ನೀನು? ಸ್ಟೇಷನ್ ಹತ್ರದ ವಡಾಪಾವ್ ಅಲ್ವಾ? ಆ ಕೆಂಪು ಚಟ್ನಿ ನೆಕ್ಕಿ ಬಂದದ್ದು, ಸತ್ಯ ಹೇಳು."

"ದೇವರಾಣೆ ಇಲ್ಲಕ್ಕ."

"ಬಯಕೆ ಆದ್ರೆ ನನಗೆ ಹೇಳ್ಬೇಕಲ್ವಾ ಮಾರಾಯ್ತಿ? ನಾನೇ ಕಟ್ಟಿಸಿಕೊಂಡು ಬರ್ತಿದ್ದೆ. ಕದ್ದು ತಿನ್ಲಿಕ್ಕೆ ನೀನೆಂತ ಶಾಲೆಗೆ ಹೋಗುವ ಹುಡುಗಿಯಾ?"

"ನಾನು ಗೇಟು ದಾಟದೆ ಎಷ್ಟು ದಿನ ಆಯ್ತು ಗೊತ್ತುಂಟಾ? ಬೇಕಾದ್ರೆ ಅತ್ತೆಯನ್ನು ಕೇಳು."

ಅತ್ತೆ ಒಳಗಿನಿಂದಲೇ, "ಹೌದು, ಅವಳು ಎಲ್ಲಿಗೂ ಹೋಗಲಿಲ್ಲ. ಆದ್ರೆ ವಾಸನೆ ನನಗೂ ಬರ್ತಾ ಉಂಟು," ಎಂದರು. ನಾವೆಲ್ಲ ನಕ್ಕೆವು. ತಂಗಿ ಬಾಯಿಗೆ ಸೆರಗು ಅಡ್ಡ ಹಿಡಿದು ತಾನೂ ನಕ್ಕಳು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಗು ಮಾತ್ರ ಹಾಗೆಯೇ ಇತ್ತು.

ಅವಳ ಮದುವೆಯಾಗಿ ಆಗಲೇ ಒಂಬತ್ತು ವರ್ಷ ಕಳೆದಿತ್ತು. ಎರಡು ಸಲ ನಿಂತದ್ದು ಉಳಿಯಲಿಲ್ಲ. ಎರಡನೆಯ ಸಲ ಆಸ್ಪತ್ರೆಯಿಂದ ಬಂದವಳು ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಈ ಮೂರನೆಯದು ಐದು ತಿಂಗಳು ದಾಟಿತ್ತು. ಇದೂ ಹೋದರೆ ತಂಗಿ ಉಳಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದ ಮಾತು. ಆದ್ದರಿಂದ ಅವಳನ್ನು ನೆಲಕ್ಕೆ ಕಾಲಿಡಲು ಬಿಡದೆ ನೋಡಿಕೊಳ್ಳುತ್ತಿದ್ದೆವು. ನಾನಿದ್ದದ್ದು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಅಲ್ಲಿನ ಒಂದು ಕಾರ್ಖಾನೆಯ ಕ್ಯಾಂಟೀನು ನನ್ನ ಗಂಡನದು, ಇಡ್ಲಿ ಹಿಟ್ಟಿನ ಜವಾಬ್ದಾರಿ ನನ್ನದು. ಭಾನುವಾರ ಕ್ಯಾಂಟೀನಿಗೆ ರಜೆ. ಕಲ್ಯಾಣದ ಲೋಕಲ್ ಹಿಡಿದು, ಅಲ್ಲಿಂದ ಮುರಬಾಡ ರಸ್ತೆಯ ಶೇರ್ ರಿಕ್ಷಾದಲ್ಲಿ ಮೈ ಮುದುಡಿಕೊಂಡು ಕೂತು ತಂಗಿಯ ಮನೆಗೆ ಹೋಗುತ್ತಿದ್ದೆ.

ಅವಳ ಗಂಡ, ಅಂದರೆ ನಮ್ಮ ಭಾವ, ಮೊದಲು ನೌಪಾಡಾದಲ್ಲಿ ಹೋಟೆಲು ನಡೆಸುತ್ತಿದ್ದವರು. ಕಟ್ಟಡ ಕೆಡವುತ್ತಾರೆಂದಾದಾಗ ಹೋಟೆಲು ಬಿಟ್ಟು ಕಲ್ಯಾಣದ ಆಚೆ ಮೊಟ್ಟೆ ಕೋಳಿಯ ಶೆಡ್ಡು ಹಾಕಿದರು. "ಕೋಳಿ ಕೇಳಿ ಯಾರಾದರೂ ಮಸಾಲೆ ಅರೀತಾರಾ?" ಎಂಬ ಗಾದೆಯನ್ನು ಹೇಳಿ ನಾನು ಅವರನ್ನು ರೇಗಿಸುವುದಿತ್ತು. ಯಾಕೆಂದರೆ ಅವರು ನಿಜವಾಗಿ ಕೋಳಿಗಳಿಗೆ ಗಿರಾಕಿಗಳಿಗೆ ಬಡಿಸುವ ಹಾಗೆಯೇ ಬಡಿಸುತ್ತಿದ್ದರು. ಆಹಾರ ಪೇಟೆಯಿಂದ ತರುವುದಿಲ್ಲ. ಜೋಳ, ಸೋಯಾ, ಒಣಮೀನಿನ ಪುಡಿ, ಸುಣ್ಣದ ಕಲ್ಲಿನ ನುಚ್ಚು ಎಲ್ಲ ತಂದು ತಾವೇ ಕಲಸುವುದು. ಕಲಸಲಿಕ್ಕೆ ಕಾಂಕ್ರೀಟ್ ತಿರುಗಿಸುವ ಹಳೆಯ ಡ್ರಮ್ಮೊಂದನ್ನು ಯಾರಿಂದಲೋ ಹಿಡಿದು ತಂದಿದ್ದರು. ಅದು ತಿರುಗುವಾಗ ಮನೆಯೆಲ್ಲ ಗಡಗಡ.

ಇದೆಲ್ಲದರ ಜೊತೆಗೆ ಒಂದು ಬೂದು ಪುಡಿ ಹಾಕಬೇಕಿತ್ತು. ಸತು, ತಾಮ್ರ, ಮ್ಯಾಂಗನೀಸು, ಅಯೋಡಿನ್ನು, ಇನ್ನೂ ಏನೇನೋ ಸೇರಿದ ಖನಿಜದ ಪುಡಿ. ಅದಿಲ್ಲದಿದ್ದರೆ ಕೋಳಿ ದಿನ ಬಿಟ್ಟು ದಿನ ಇಟ್ಟರೂ ಚಿಪ್ಪು ಗಟ್ಟಿಯಾಗುವುದಿಲ್ಲವಂತೆ. ಭಾವ ಅದನ್ನು ಪುಡಿ ಎನ್ನುತ್ತಿರಲಿಲ್ಲ, "ಉಪ್ಪು" ಎನ್ನುತ್ತಿದ್ದರು. ನೌಪಾಡಾದ ಹೋಟೆಲಿನಲ್ಲಿ ಅವರದೊಂದು ಕಾನೂನಿತ್ತು. ಸಾಂಬಾರಿಗೆ ಉಪ್ಪು ಹಾಕುವುದು ಎಲ್ಲಕ್ಕಿಂತ ಕೊನೆಗೆ, ಅದೂ ಯಜಮಾನನ ಕೈಯಿಂದ. ಭಟ್ಟರ ಕೈಗೆ ಉಪ್ಪು ಕೊಟ್ಟರೆ ಹೋಟೆಲು ಮುಳುಗಿತು ಎಂದು ನಂಬಿದವರು. ಎರಡನೆಯ ಕಾನೂನು, ಮೊದಲ ಇಡ್ಲಿ ದೇವರ ಪಟಕ್ಕೆ, ಆಮೇಲೆ ಅದು ಮನೆಯವರಿಗೆ. ಗಿರಾಕಿಗೆ ಎರಡನೆಯ ತಟ್ಟೆಯಿಂದ. ಇದು ನಮ್ಮ ಊರ ಹೋಟೆಲಿನವರಲ್ಲಿ ಹೊಸತೇನಲ್ಲ. ನನ್ನ ಗಂಡನೂ ಹಾಗೆಯೇ ಮಾಡುತ್ತಾರೆ.

ಈ ಎರಡು ಕಾನೂನೂ ಕೋಳಿ ಶೆಡ್ಡಿಗೆ ಬಂದವು. ಡ್ರಮ್ಮಿನಲ್ಲಿ ಎಲ್ಲ ತಿರುಗಿ ಆದ ಮೇಲೆ, ಕೊನೆಗೆ, ಭಾವ ಸ್ವತಃ ಬಾಯಿಯ ಹತ್ತಿರ ನಿಂತು ಕೈಯಾರೆ ಪುಡಿ ಉದುರಿಸುವುದು, ನಾಲ್ಕು ಸುತ್ತು ತಿರುಗಿಸುವುದು, ನಿಲ್ಲಿಸುವುದು. ಮೊದಲು ತುಂಬಿದ ಬಕೆಟ್ಟು ಶೆಡ್ಡಿಗಲ್ಲ, ಮನೆಯ ಹಿಂದಿನ ಕೋಳಿಗಳಿಗೆ. ಮನೆಯ ಹಿಂದೆ ಅತ್ತೆಯವು ಒಂದಿಷ್ಟು ನಾಟಿ ಕೋಳಿಗಳಿದ್ದವು, ಇಲ್ಲಿನವರು ಗಾವಠಿ ಎನ್ನುತ್ತಾರಲ್ಲ, ಅವು. ಆ ಕೋಳಿಗಳ ಮೊಟ್ಟೆ ಮನೆಯವರಿಗೆ. ಬಸುರಿಯಾದ ಮೇಲಂತೂ ಬೆಳಿಗ್ಗೆ ಎರಡು, ಸಂಜೆ ಒಂದು, ಎಲ್ಲ ತಂಗಿಗೇ. ಬಕೆಟ್ಟಿನಿಂದ ಮುಷ್ಟಿ ಮುಷ್ಟಿ ತೆಗೆದು ಅವಕ್ಕೆ ಎರಚುವುದು ಅವಳದೇ ಕೆಲಸ. ಅಷ್ಟೊಂದು ಪ್ರೀತಿಯ ಏರ್ಪಾಡು. ಯಾರು ತಾನೆ ಬೇಡ ಅಂದಾರು?

ಆ ಮಳೆಗಾಲ ಶೆಡ್ಡಿನ ಕೋಳಿಗಳ ಮೊಟ್ಟೆಯ ಚಿಪ್ಪು ತೆಳ್ಳಗಾಗತೊಡಗಿತು. ಟ್ರೇಯಲ್ಲಿಟ್ಟರೆ ಬಿರುಕು. ಭಾವ ಪುಡಿ ಕಡಿಮೆಯಾಗಿರಬೇಕೆಂದು ಇನ್ನೊಂದು ಹಿಡಿ ಹಾಕಿದರು. ಆದರೂ ಗಟ್ಟಿಯಾಗಲಿಲ್ಲ. ಮತ್ತೊಂದು ಹಿಡಿ ಹಾಕಿದರು. ಸಾಂಬಾರಿಗೆ ಉಪ್ಪು ಸಾಲದಿದ್ದರೆ ಮಾಡುವುದೂ ಅದನ್ನೇ ಅಲ್ಲವೇ?

ಅದೇ ಹೊತ್ತಿಗೆ ಅತ್ತೆಯ ಒಂದು ಕೆಂಪು ಹೇಂಟೆ ಕಾವಿಗೆ ಕೂತಿತು. ಅತ್ತೆಗೆ ಹಿಡಿಸಲಾರದ ಸಂತೋಷ. ಬಸುರಿ ಇರುವ ಮನೆಯಲ್ಲಿ ಹೇಂಟೆ ತಾನಾಗಿ ಕಾವಿಗೆ ಕೂತರೆ ಒಳ್ಳೆಯ ಶಕುನ, ಮರಿ ಎದ್ದ ಹಾಗೆ ಮನೆಯಲ್ಲೂ ಮಗು ಏಳುತ್ತದೆ ಎಂದು ಸಿಕ್ಕಿದವರಿಗೆಲ್ಲ ಹೇಳಿದರು. ಅಡುಗೆಮನೆಯ ಹಿಂದಿನ ಮೂಲೆಯಲ್ಲಿ ಬುಟ್ಟಿ ಇಟ್ಟು, ಹುಲ್ಲು ಹಾಸಿ, ಮನೆಯ ಕೋಳಿಗಳ ಮೊಟ್ಟೆಯನ್ನೇ ಆರಿಸಿ ಇಟ್ಟರು. ಎರಡು ವಾರ ಕಳೆದು ಎಣಿಸಿದಾಗ ಒಂದು ಕಡಿಮೆ. ಮುಂಗುಸಿ ಕೊಂಡುಹೋಯಿತೆಂದು ಅದಕ್ಕೆ ಶಾಪ ಹಾಕಿದರು. ಮುಂದಿನ ಭಾನುವಾರ ನಾನು ಹೋದಾಗ ಅತ್ತೆ ಬುಟ್ಟಿಯ ಹತ್ತಿರ ಯಾರನ್ನೂ ಬಿಡಲಿಲ್ಲ.

ಮೂರು ವಾರ ದಾಟಿತು. ಮರಿಗಳ ಸದ್ದಿಲ್ಲ. ಅತ್ತೆಯ ಮುಖ ಸಣ್ಣದಾಯಿತು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ನೀನೊಮ್ಮೆ ನೋಡು ಮಗಾ, ನನಗೆ ಧೈರ್ಯ ಇಲ್ಲ. ಅವಳಿಗೆ ಗೊತ್ತಾಗಬಾರದು," ಎಂದರು. ತಂಗಿ ಎದುರಿನ ಕೋಣೆಯಲ್ಲಿ ಮಲಗಿದ್ದಳು. ನಾನು ಮತ್ತು ಭಾವ ಹಿತ್ತಿಲಿಗೆ ಹೋಗಿ ಬುಟ್ಟಿ ಎತ್ತಿದೆವು. ಹೇಂಟೆಯ ಕುತ್ತಿಗೆಯ ಸುತ್ತ ಗರಿ ಉದುರಿ ಚರ್ಮ ಕಾಣುತ್ತಿತ್ತು. ಅದು ನನ್ನ ಕೈಗೆ ಕುಕ್ಕಲೂ ಇಲ್ಲ.

ಭಾವ ಒಂದು ಮೊಟ್ಟೆಯನ್ನು ಕಲ್ಲಿಗೆ ತಟ್ಟಿ ಒಡೆದರು.

ಹೇಗೆ ಹೇಳಲಿ. ಒಳಗೆ ಮರಿ ಇತ್ತು. ರೆಕ್ಕೆ ಇತ್ತು, ಕಾಲಿತ್ತು, ಒದ್ದೆ ತುಪ್ಪಳವೂ ಬಂದಿತ್ತು. ಕೊಕ್ಕು ಇರಬೇಕಾದಲ್ಲಿ ಒಂದು ಚೂರು ಮಾಂಸ. ಕಣ್ಣು ಇರಬೇಕಾದಲ್ಲಿ ಏನೂ ಇಲ್ಲ, ಚರ್ಮ ಮಾತ್ರ, ನಯವಾಗಿ ಮುಚ್ಚಿದ ಚರ್ಮ. ಭಾವ ಇನ್ನೊಂದನ್ನು ಒಡೆದರು. ಅದೂ ಹಾಗೆಯೇ. ಮೂರನೆಯದನ್ನು ಒಡೆಯಲು ಹೋದಾಗ ನಾನು ಅವರ ಕೈ ಹಿಡಿದುಕೊಂಡೆ. ಬೈಯಲು ಬಾಯಿ ತೆರೆದರೆ ಒಂದಕ್ಷರ ಹೊರಡಲಿಲ್ಲ. ನನ್ನ ಜೀವಮಾನದಲ್ಲಿ ಅದೇ ಮೊದಲು.

"ಹಕ್ಕಿಜ್ವರ," ಎಂದರು ಭಾವ. ಮುಖ ಸುಣ್ಣದ ಹಾಗೆ ಬಿಳಿ. "ಇದು ಅದೇ. ಹೊರಗೆ ಗೊತ್ತಾದ್ರೆ ಸರ್ಕಾರದವರು ಬಂದು ಶೆಡ್ಡಿನದ್ದೆಲ್ಲ ಗುಂಡಿಗೆ ಹಾಕ್ತಾರೆ. ಹೂತುಬಿಡುವ. ಯಾರಿಗೂ ಹೇಳುವುದು ಬೇಡ."

ಒಂದೆರಡು ವರ್ಷದ ಹಿಂದೆ ಹಕ್ಕಿಜ್ವರದ ಗಲಾಟೆ ಎದ್ದಾಗ ಟೀವಿಯಲ್ಲಿ ಬಿಳಿ ಅಂಗಿ ತೊಟ್ಟವರು ಚೀಲಗಟ್ಟಲೆ ಕೋಳಿ ಸುರಿಯುತ್ತಿದ್ದದ್ದನ್ನು ನಾವೆಲ್ಲ ನೋಡಿದವರೇ. ಭಾವನ ಹೆದರಿಕೆ ಸುಳ್ಳಲ್ಲ. ಆದರೆ ನನಗೆ ಆ ಕ್ಷಣ ಅವರ ಕೋಳಿಗಳು ಯಾವ ಲೆಕ್ಕಕ್ಕೂ ಇರಲಿಲ್ಲ.

"ನಿಮ್ಮ ಶೆಡ್ಡು ಹಾಳಾಗಿ ಹೋಗ್ಲಿ," ಎಂದೆ, ಈಗ ಬಾಯಿ ಬಂದಿತ್ತು. "ಇದೇ ಕೋಳಿಯ ಮೊಟ್ಟೆ ಅಲ್ವಾ ಅವಳು ದಿನಾ ತಿನ್ನುವುದು? ಇದೇ ಅಲ್ವಾ?"

ಭಾವ ಕಲ್ಲಿನ ಮೇಲೆ ಕುಸಿದು ಕೂತರು. ಅಷ್ಟು ಹೊತ್ತು ಅವರಿಗೆ ಅದು ಹೊಳೆದಿರಲಿಲ್ಲ. ಕುಸಿದದ್ದನ್ನು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಕೋಪರಖೈರಣೆಯಲ್ಲಿ ಒಬ್ಬರು ಪಶುವೈದ್ಯರಿದ್ದರು. ಧಾರವಾಡದ ಕಡೆಯವರು, ಕನ್ನಡ ಸಂಘದ ಗಣೇಶೋತ್ಸವದಲ್ಲಿ ನನ್ನ ಗಂಡನಿಗೆ ಪರಿಚಯವಾದವರು. ಕೋಳಿ ಆಹಾರ ತಯಾರಿಸುವವರಿಗೆ ಸಲಹೆ ಕೊಡುವುದು ಅವರ ಉದ್ಯೋಗ. ಅವರ ಹತ್ತಿರ ಹೋಗುತ್ತೇನೆಂದೆ. ಭಾವ ಬೇಡ ಎಂದರು, ಆಮೇಲೆ ಹೋಗು ಎಂದರು. ಸತ್ತ ಮರಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅತ್ತೆಯ ಕಣ್ಣು ತಪ್ಪಿಸಿ, ನಾನು ಸಜ್ಜಿಗೆ ತಂದಿದ್ದ ಸ್ಟೀಲ್ ಡಬ್ಬಿಯಲ್ಲಿಯೇ ಹಾಕಿ ಮುಚ್ಚಳ ಒತ್ತಿದೆ. ಒಳಗೆ ಹೋಗಿ ತಂಗಿಗೆ ಹೊರಟೆನೆಂದಾಗ ಅವಳು ಡಬ್ಬಿಯನ್ನೇ ನೋಡಿದಳು.

"ಡಬ್ಬಿ ಖಾಲಿಯಾ ಅಕ್ಕ?"

"ಅತ್ತೆ ಉಪ್ಪಿನಕಾಯಿ ಹಾಕಿ ಕೊಟ್ರು," ಎಂದೆ. ಅವಳು ಮತ್ತೇನೂ ಕೇಳಲಿಲ್ಲ.

ಆ ಡಬ್ಬಿಯ ಪ್ರಯಾಣವನ್ನು ನೆನೆದರೆ ಈಗಲೂ ಬೆವರುತ್ತೇನೆ. ಕಲ್ಯಾಣದಿಂದ ಠಾಣೆಗೆ ಒಂದು ಗಾಡಿ, ಠಾಣೆಯಲ್ಲಿ ಇಳಿದು ನವಿ ಮುಂಬಯಿ ಕಡೆಯ ಇನ್ನೊಂದು ಗಾಡಿ. ಲೇಡೀಸ್ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಮಡಿಲಲ್ಲಿ ಚೀಲ, ಚೀಲದಲ್ಲಿ ಅದು. ಭಾನುವಾರ ಮಧ್ಯಾಹ್ನ ಎಲ್ಲರೂ ಮಾತಿಗೆ ಬಿದ್ದಿದ್ದರು. ಯಾರೋ ಮೂಗು ಮುಚ್ಚಿಕೊಂಡು "ಕಸಲಾ ವಾಸ್ ಯೇತೋಯ್?" ಎಂದಳು, ಏನಿದು ವಾಸನೆ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಚೀಲವನ್ನು ಹೊಟ್ಟೆಗೆ ಒತ್ತಿಕೊಂಡೆ. ವಾಸನೆ ಮೀನಿನ ಬುಟ್ಟಿಯದೇ ಇರಬೇಕು, ಬಾಗಿಲ ಹತ್ತಿರ ಮೀನು ಮಾರುವ ಕೋಳಿಣಿ ಕೂತಿದ್ದಳು. ಪಕ್ಕದ ಮುದುಕಿ ನನ್ನ ಚೀಲದ ಡಬ್ಬಿ ನೋಡಿ, "ಮಾಯ್ಕೇ ಸೇ ಲಾಯೀ ಕ್ಯಾ? ಕ್ಯಾ ಹೈ, ಲಡ್ಡು?" ಎಂದು ನಕ್ಕಳು. ತವರಿನಿಂದ ತಂದ ಲಡ್ಡುವಂತೆ. ನಾನು ಹೂಂ ಎಂದು ತಲೆಯಾಡಿಸಿದೆ. ಅವಳು ಕೈ ಚಾಚಿ ಒಂದು ಕೊಡು ಅಂದರೆ ಏನು ಮಾಡುವುದೆಂದು ಅವಳು ಐರೋಲಿಯಲ್ಲಿ ಇಳಿಯುವ ತನಕ ದೇವರಿಗೆಲ್ಲ ಹರಕೆ ಹೊತ್ತೆ. ಡಬ್ಬಿಯ ಮುಚ್ಚಳ ಬಿದ್ದು ಇಡೀ ಬೋಗಿ ಹಕ್ಕಿಜ್ವರ ಎಂದು ಚೀರಿಕೊಳ್ಳುವುದು ಕಣ್ಣಿಗೆ ಕಟ್ಟಿದ ಹಾಗಿತ್ತು.

ಡಾಕ್ಟರು ಬನಿಯನ್ನಿನಲ್ಲಿ ಬಾಗಿಲು ತೆರೆದು, ನನ್ನನ್ನು ನೋಡಿ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

"ಬರ್ರಿ ಅಕ್ಕಾರ, ಕುಂದರ್ರಿ. ಏನ್ ತಂದೀರಿ ಡಬ್ಬಿಯೊಳಗ?"

ನಾನು ಮೇಜಿನ ಮೇಲೆ ಪತ್ರಿಕೆ ಹಾಸಿ ತೆಗೆದಿಟ್ಟೆ. ಅವರ ಮುಖದ ನಗು ಹೋಯಿತು. ಪೆನ್ನಿನ ತುದಿಯಿಂದ ಮರಿಯ ತಲೆಯನ್ನು ಹೊರಳಿಸಿ ನೋಡಿದರು. ಭಾವನ ಶೆಡ್ಡಿನ ವಿಷಯ, ಇವು ಮನೆಯ ಹಿಂದಿನ ಕೋಳಿಗಳ ಮೊಟ್ಟೆ ಎಂಬುದನ್ನು ಹೇಳಿ, ಹಕ್ಕಿಜ್ವರವೇ ಎಂದು ಕೇಳಿದೆ.

"ಅಲ್ರಿ. ಜ್ವರ ಅಲ್ಲ. ಶೆಡ್ಡಿನ ಕೋಳಿ ಎಲ್ಲಾ ಚೊಲೋ ಅದಾವೇನು?"

"ಕೋಳಿ ಸರಿ ಉಂಟು. ಮೊಟ್ಟೆಯ ಚಿಪ್ಪು ತೆಳು."

"ಶೆಡ್ಡಿನಾಗ ತತ್ತಿ ಸಿಪ್ಪಿ ತೆಳು, ಮನಿ ಕೋಳಿಯೊಳಗ ಹಿಂಗ." ಅವರು ನನ್ನನ್ನು ನೋಡದೆ ಕೇಳಿದರು, "ಮನಿಯೊಳಗ ಯಾರ ಬಾಯಿಂದರ ಬೆಳ್ಳುಳ್ಳಿ ವಾಸನಿ ಬರತೈತೇನು?"

ಬೆಳ್ಳುಳ್ಳಿಯ ವಿಷಯ ನಾನು ಎತ್ತಿಯೇ ಇರಲಿಲ್ಲ. ವಡಾಪಾವ್ ಚಟ್ನಿ, ನಗು, ಸೆರಗು ಅಡ್ಡ ಹಿಡಿದ ತಂಗಿಯ ಬಾಯಿ ಎಲ್ಲ ಒಟ್ಟಿಗೆ ನೆನಪಾಗಿ ಜೀವ ಬಾಯಿಗೆ ಬಂತು. ಹೌದು ಎಂದೆ. ಯಾರು ಎಂದರು. ನನ್ನ ತಂಗಿ, ಐದು ತಿಂಗಳು ದಾಟಿದೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

ಆಹಾರ ಹೇಗೆ ಕಲಸುತ್ತಾರೆಂದು ಕೇಳಿದರು. ಡ್ರಮ್ಮು, ಕೊನೆಗೆ ಉಪ್ಪು, ಮೊದಲ ಬಕೆಟ್ಟು, ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅರ್ಥವಾಗತೊಡಗಿತು. ಡ್ರಮ್ಮಿನ ಬಾಯಿಯಲ್ಲಿ ಕೊನೆಗೆ ಉದುರಿಸಿದ ಪುಡಿ ನಾಲ್ಕು ಸುತ್ತಿಗೆ ಒಳಗೆ ಇಳಿಯುವುದಿಲ್ಲ. ಬಾಯಿಯಲ್ಲೇ ಕೂತಿರುತ್ತದೆ. ಮೊದಲ ಬಕೆಟ್ಟಿಗೆ ಅದೇ ಬರುತ್ತದೆ. ಶೆಡ್ಡಿಗೆ ಪುಡಿಯೇ ತಲುಪದೆ ಅಲ್ಲಿ ಚಿಪ್ಪು ತೆಳು. ತೆಳುವೆಂದು ಇನ್ನೊಂದು ಹಿಡಿ ಹಾಕಿದರೆ ಅದೂ ಮೊದಲ ಬಕೆಟ್ಟಿಗೇ.

"ಅದರಾಗ ಸೆಲೆನಿಯಂ ಅಂತ ಒಂದೈತ್ರಿ," ಎಂದರು ಡಾಕ್ಟರು. "ಅದು ಬೇಕ ಬೇಕು. ಇಲ್ಲಂದ್ರ ಕೋಳಿ ಸೊರಗತಾವ. ಆದ್ರ ಒಂದು ಲಾರಿ ಹಿಟ್ಟಿಗೆ ಚಿಟಿಕಿ ಸಾಕು. ಒಂದೀಟು ಹೆಚ್ಚಾತಂದ್ರ ವಿಷ. ತತ್ತಿಯೊಳಗಿನ ಮರಿಗೆ ಮೊದಲು ತಟ್ಟತದ. ಪುಡಿ ಮೊದಲು ಒಂದು ಬೊಗಸಿ ತೌಡಿನಾಗ ಕಲಸಬೇಕು, ಆಮ್ಯಾಲೆ ಒಂದು ಬುಟ್ಟಿ ತೌಡಿನಾಗ, ಆಮ್ಯಾಲೆ ಡ್ರಮ್ಮಿಗೆ, ಅದೂ ನಡುವ. ಕಡೀಕಲ್ಲ."

"ನನ್ನ ತಂಗಿಗೆ ಎಂತ ಆಗ್ತದೆ ಡಾಕ್ಟ್ರೇ? ಅದನ್ನು ಹೇಳಿ."

"ಕೋಳಿದು ಹೇಳತೀನಿ ಅಕ್ಕಾರ. ಮನಿಷ್ಯಾರದು ನನಗ ಹೇಳಾಕ ಬರೂದಿಲ್ಲ. ತತ್ತಿ ಇವತ್ತಿನಿಂದ ಬಂದ್ ಮಾಡ್ರಿ, ಆ ಪುಡಿ ಮುಟ್ಟಾಕೂ ಕೊಡಬ್ಯಾಡ್ರಿ. ಹೆರಿಗಿ ಡಾಕ್ಟರಿಗೆ ಎಲ್ಲಾ ಹೇಳ್ರಿ. ಅಂಜಬ್ಯಾಡ್ರಿ."

ಅಂಜಬೇಡಿ ಎಂದು ಹೇಳಿದವರ ಕಣ್ಣಲ್ಲೇ ಅಂಜಿಕೆ ಇದ್ದರೆ ಕೇಳಿದವರು ಏನು ಮಾಡಬೇಕು? ಹೆದರಿದವರ ಮೇಲೆ ಕಪ್ಪೆ ಎಸೆದ ಹಾಗಾಯಿತು ನನಗೆ. ಮುಂದೆ ಭಾವ ಕಳಿಸಿದ ಮೊದಲ ಬಕೆಟ್ಟಿನ ಹಿಟ್ಟನ್ನು ಅವರೇ ಪರೀಕ್ಷೆ ಮಾಡಿಸಿ, "ನಾ ಅಂದಂಗ ಆತ್ರಿ," ಎಂದು ಫೋನಿನಲ್ಲಿ ಹೇಳಿದರು.

ಮರುದಿನವೇ ತಂಗಿಯ ಮನೆಗೆ ಓಡಿದೆ. ಅವಳಿಗೆ ನಿಜ ಹೇಳುವುದಿಲ್ಲ ಎಂದು ನಾನೂ ಭಾವನೂ ಮಾತು ಮಾಡಿಕೊಂಡೆವು. ಎರಡು ಕಳೆದುಕೊಂಡವಳಿಗೆ, ನಿನ್ನ ಹೊಟ್ಟೆಯದಕ್ಕೆ ಕಣ್ಣು ಇರುತ್ತದೋ ಇಲ್ಲವೋ ಎಂದು ಯಾವ ಬಾಯಲ್ಲಿ ಹೇಳುವುದು? ಊರಿನ ಜೋಯಿಸರು ಫೋನು ಮಾಡಿದ್ದರು, ಹೆರಿಗೆಯ ತನಕ ಮೊಟ್ಟೆ ತಿನ್ನಬಾರದಂತೆ, ಕೋಳಿಗೆ ಕೈಯಿಂದ ತಿನ್ನಲು ಹಾಕಬಾರದಂತೆ ಎಂದು ಒಂದು ಸುಳ್ಳು ಕಟ್ಟಿದೆ. ಎಲ್ಲದಕ್ಕೂ ಯಾಕೆ ಏನು ಎಂದು ವಾದ ಮಾಡುವವಳು ಅವಳು. ಜೋಯಿಸರೆಂದರೆ ಮೊದಲೇ ಅಷ್ಟಕ್ಕಷ್ಟೆ. ಉತ್ತರಗಳನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಆಯ್ತಕ್ಕ," ಎಂದಳು.

ಅಷ್ಟೇ. ಸದ್ಯ, ಬದುಕಿದೆ ಎಂದುಕೊಂಡೆ.

ಡೊಂಬಿವಲಿಯ ಹೆರಿಗೆ ಡಾಕ್ಟರಮ್ಮನಿಗೆ ಎಲ್ಲ ಹೇಳಿದ್ದೆ. ಅವರು ಪಾಪ, ಪುಸ್ತಕ ತಿರುವಿ ಹಾಕಿದರು, ಯಾರಿಗೋ ಫೋನು ಮಾಡಿದರು, ಕೊನೆಗೆ ಸೋನೋಗ್ರಫಿ ಮಾಡೋಣ ಎಂದರು. ಕತ್ತಲ ಕೋಣೆಯಲ್ಲಿ ತಂಗಿಯ ಕೈ ಹಿಡಿದು ನಿಂತೆ. ತೆರೆಯ ಮೇಲೆ ಬೆನ್ನುಮೂಳೆ ಕಂಡಿತು, ಎದೆಯ ಬಡಿತ ಕಂಡಿತು, ಕಾಲು ಕಂಡಿತು. ಮುಖ ಕಾಣಲಿಲ್ಲ. ಮಗು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿತ್ತು. ಡಾಕ್ಟರಮ್ಮ ತಂಗಿಯನ್ನು ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು, ಓಡಾಡಿ ಬಾ ಎಂದು ಕಾರಿಡಾರಿಗೆ ಕಳಿಸಿದರು. ಮತ್ತೆ ನೋಡಿದರೂ ಕೈ ತೆಗೆಯಲಿಲ್ಲ. ಹೊರಗೆ ನನ್ನನ್ನು ಕರೆದು, ಉಳಿದದ್ದೆಲ್ಲ ಸರಿಯಾಗಿದೆ, ಕಣ್ಣಿನ ಬಗ್ಗೆ ಖಾತ್ರಿ ಹೇಳಲಾರೆ ಎಂದರು. ಮುಂದಿನ ಸಲವೂ ಅದೇ ಕಥೆ. ನಾಚಿಕೆಯ ಮಗು ಎಂದು ತಂಗಿಗೆ ತಮಾಷೆ ಮಾಡಿದೆ. ಅವಳು ತೆರೆಯ ಕಡೆಯೇ ನೋಡುತ್ತಿದ್ದಳು.

ಆ ತಿಂಗಳುಗಳು ಹೇಗೆ ಕಳೆದವೋ. ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುವಾಗ ನಯವಾಗಿ ಮುಚ್ಚಿದ ಆ ಚರ್ಮ ಕಣ್ಣ ಮುಂದೆ ಬರುತ್ತಿತ್ತು. ಭಾನುವಾರ ಹೋದಾಗ ತಲೆ ಬಾಚುತ್ತೇನೆಂದು ತಂಗಿಯನ್ನು ಮುಂದೆ ಕೂರಿಸಿಕೊಂಡು, ಅವಳು ಮಾತಾಡಿದಾಗಲೆಲ್ಲ ಬಗ್ಗಿ ಮೂಸುತ್ತಿದ್ದೆ. ಬಾಚಣಿಗೆಯಲ್ಲಿ ಕೂದಲು ಗೊಂಚಲು ಗೊಂಚಲಾಗಿ ಬರುತ್ತಿತ್ತು. ಅದನ್ನು ಸೆರಗಿನೊಳಗೆ ಸುತ್ತಿಕೊಂಡು ಹೋಗಿ ಎಸೆಯುತ್ತಿದ್ದೆ. ದಸರಾದ ಹೊತ್ತಿಗೆ ವಾಸನೆ ಹೋಯಿತು. ದೀಪಾವಳಿಗೆ ಕೂದಲು ಉದುರುವುದು ನಿಂತಿತು. ಶೆಡ್ಡಿನಲ್ಲಿ ಪುಡಿ ತೌಡಿನಲ್ಲಿ ಕಲಸಿ ಹಾಕುವುದು ಶುರುವಾಗಿ ಮೊಟ್ಟೆಗಳೂ ಗಟ್ಟಿಯಾದವು. ಭಾವ ಈಗ ಮೊದಲ ಬಕೆಟ್ಟನ್ನು ಮತ್ತೆ ಡ್ರಮ್ಮಿಗೇ ಸುರಿದು ಇನ್ನೊಮ್ಮೆ ತಿರುಗಿಸುತ್ತಿದ್ದರು. ಅವರು ಆಮೇಲೆ ಉಪ್ಪು ಎಂಬ ಮಾತನ್ನೇ ಆಡಲಿಲ್ಲ. ಕೆಂಪು ಹೇಂಟೆ ಸತ್ತುಹೋಯಿತು. ಅತ್ತೆಗೆ ಮರಿಗಳ ವಿಷಯ ಹೇಳಿರಲಿಲ್ಲ. ಮೊಟ್ಟೆ ಕೆಟ್ಟಿತ್ತು ಎಂದಷ್ಟೇ ಹೇಳಿದ್ದೆವು. ಅವರು ದೇವರ ಮುಂದೆ ಕೂರುವ ಹೊತ್ತು ಮಾತ್ರ ಉದ್ದವಾಗುತ್ತಾ ಹೋಯಿತು.

ನೋವು ಶುರುವಾದದ್ದು ಬೆಳಿಗ್ಗೆ. ನಾನು ಠಾಣೆಯಿಂದ ಡೊಂಬಿವಲಿಯ ನರ್ಸಿಂಗ್ ಹೋಮಿಗೆ ಮುಟ್ಟುವಾಗ ಅವಳನ್ನು ಒಳಗೆ ಕರೆದುಕೊಂಡು ಹೋಗಿಯಾಗಿತ್ತು. ಭಾವ ಮೆಟ್ಟಿಲ ಮೇಲೆ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಮಧ್ಯಾಹ್ನ ಬಿಸಿಲು ಕಾರಿಡಾರಿಗೆ ಬರುವ ಹೊತ್ತಿಗೆ ಒಳಗಿಂದ ಅಳು ಕೇಳಿತು. ಭಾವ ಎದ್ದು ನಿಂತು ಮತ್ತೆ ಕೂತುಬಿಟ್ಟರು. ನರ್ಸು ಬಟ್ಟೆಯಲ್ಲಿ ಸುತ್ತಿದ್ದನ್ನು ನನ್ನ ಕೈಗೆ ಕೊಟ್ಟು, "ಮುಲಗೀ ಝಾಲೀ," ಎಂದಳು. ಹೆಣ್ಣು.

ಬಾಯಿ ಇತ್ತು. ಮೂಗು ಇತ್ತು. ಕಣ್ಣಿನ ಜಾಗದಲ್ಲಿ ಊದಿದ ಎರಡು ರೆಪ್ಪೆ, ಬಿಗಿಯಾಗಿ ಮುಚ್ಚಿದ್ದವು. ಒಳಗೆ ಏನಿದೆ? ನಾನು ಹೆಬ್ಬೆರಳಿನಿಂದ ರೆಪ್ಪೆ ಎತ್ತಲು ಹೋದೆ. ನರ್ಸು ಕೈಗೆ ಪಟ್ಟನೆ ಹೊಡೆದು, ಹುಚ್ಚು ಹಿಡಿದಿದೆಯಾ ನಿಮಗೆ ಎಂದು ಮರಾಠಿಯಲ್ಲಿ ಬೈದಳು. ಬೈಸಿಕೊಂಡೆ. ಮಗುವನ್ನು ಕಿಟಕಿಯ ಹತ್ತಿರ ಕೊಂಡುಹೋದೆ. ಬೆಳಕು ಬಿದ್ದರೂ ತೆರೆಯಲಿಲ್ಲ. ಭಾವ ನನ್ನ ಹಿಂದೆ ಬಂದು ನಿಂತಿದ್ದರು, ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. "ತೆರೆಯೇ ತಾಯಿ, ಒಮ್ಮೆ ತೆರೆ, ನಿನ್ನ ದಮ್ಮಯ್ಯ," ಎಂದೆ. ಅವಳಿಗೆ ಸೀನು ಬಂತು. ಸೀನಿದ ರಭಸಕ್ಕೆ ಬೆಚ್ಚಿ ಒಂದು ಕಣ್ಣು ಬಿಟ್ಟಳು, ಆಮೇಲೆ ಇನ್ನೊಂದು. ಕಪ್ಪಗೆ, ಒದ್ದೆಯಾಗಿ, ನನ್ನನ್ನೇ ನೋಡಿ ಹುಬ್ಬು ಗಂಟಿಕ್ಕಿದಳು. ಭಾವ ಗೋಡೆಗೆ ಹಣೆ ಇಟ್ಟು ಅಳತೊಡಗಿದರು.

ತಂಗಿಯ ಹತ್ತಿರ ಹೋಗಲು ಬಿಟ್ಟಾಗ ನಾನು ಮುಖದಲ್ಲಿ ನಗು ಇಟ್ಟುಕೊಂಡೇ ಹೋದೆ. ಅವಳು ಸುಸ್ತಾಗಿ ಬೆಳ್ಳಗಿದ್ದಳು. ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟು ಹಿಡಿದಳು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

"ಕಣ್ಣುಂಟಾ ಅಕ್ಕ?" ಎಂದಳು.

ಆ ಬುಟ್ಟಿಯಲ್ಲಿ ಕಡಿಮೆಯಾದ ಒಂದು ಮೊಟ್ಟೆ, ಮುಂಗುಸಿಗೆ ಬಿದ್ದ ಶಾಪ, ಡಬ್ಬಿ ಖಾಲಿಯಾ ಎಂದು ಕೇಳಿದ್ದು, ವಾದ ಮಾಡದೆ ಆಯ್ತಕ್ಕ ಎಂದದ್ದು, ಎಲ್ಲ ಆಗ ತಿಳಿಯಿತು. ಕಾವಿನ ಮೊಟ್ಟೆಯನ್ನು ನಮಗಿಂತ ಮೊದಲು ಅವಳು ಒಡೆದು ನೋಡಿದ್ದಳು. ನಾನೂ ಭಾವನೂ ಅವಳಿಂದ ಮುಚ್ಚಿಡುತ್ತಿದ್ದಷ್ಟು ದಿನ ಅವಳೊಬ್ಬಳೇ ನಮ್ಮಿಂದ ಮುಚ್ಚಿಟ್ಟು, ನಾನು ತಲೆ ಬಾಚುವಾಗ ಬೆನ್ನು ಕೊಟ್ಟು ಕೂತಿದ್ದಳು.

"ಉಂಟು ಮಾರಾಯ್ತಿ," ಎಂದೆ. ಬೈಯಲಿಕ್ಕೆ ಆಗಲಿಲ್ಲ. "ಎರಡೂ ಉಂಟು. ನೋಡು, ನಿನ್ನನ್ನೇ ನೋಡ್ತಾ ಉಂಟು."

ಆಗ ಅವಳು ಕಣ್ಣು ತೆರೆದಳು.